ಯುದ್ಧಕ್ಕೆ ಮುಂಚಿನ ಸಂಚಿಕೆ

(ಶಿವಮೊಗ್ಗದ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಸೂಪರ್‌ಹೀರೋ ಕಾಮಿಕ್ಸ್ ಓದುವವರ ಕೈಗೆ ಒಂದಲ್ಲ ಒಂದು ದಿನ ಇಂಥ ಸಂಚಿಕೆ ಸಿಕ್ಕೇ ಸಿಗುತ್ತದೆ. ನಾಯಕ ತನ್ನ ಊರಿನಲ್ಲಿ ತನ್ನ ತಾಪತ್ರಯದಲ್ಲಿದ್ದಾನೆ, ಕಥೆ ಹದವಾಗಿ ಸಾಗುತ್ತಿದೆ. ಅಷ್ಟರಲ್ಲಿ ಆಕಾಶ ಕೆಂಪಾಗುತ್ತದೆ. ನೆರಳಿನಲ್ಲಿ ನಿಂತ ಯಾರೋ ಕಾಲ ಹತ್ತಿರ ಬಂತು ಎಂದು ಗೊಣಗುತ್ತಾರೆ. ಬೇರೆ ಸರಣಿಗಳ ನಾಲ್ಕೈದು ನಾಯಕರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಕೊನೆಯ ಪುಟದ ಕೆಳಗೆ, ಮುಂದಿನ ಕಥೆಯನ್ನು ಇಂಥ ಮಹಾಸರಣಿಯಲ್ಲಿ ಓದಿ ಎಂಬ ಸಾಲು. ಹತ್ತಾರು ನಾಯಕರು ಒಟ್ಟಿಗೆ ಸೇರುವ ಕ್ರಾಸ್‌ಓವರ್‌ಗೆ ಈ ಸಂಚಿಕೆ ನೆಲ ಹದ ಮಾಡುತ್ತಿದೆ ಅಂತ ಆಗ ಗೊತ್ತಾಗುತ್ತದೆ.

ಇಂಥದ್ದನ್ನು ಓದಿ ಮುಗಿಸಿದವರ ಬಾಯಲ್ಲಿ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. ಕೆಲವರು ‘ಇದು ಬರೀ ಜಾಹೀರಾತು’ ಎನ್ನುತ್ತಾರೆ. ಇನ್ನು ಕೆಲವರು ‘ಈಗಲೇ ಏನು ಹೇಳೋದು, ಪೂರ್ತಿ ಬರಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಇಬ್ಬರೂ ಕೈಯಲ್ಲಿರುವ ಪುಟಗಳನ್ನು ಓದುವ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಮುಂದೆ ಬರುವ ಮಹಾಯುದ್ಧಕ್ಕೆ ಪೀಠಿಕೆ ಹಾಕುವ ಸಂಚಿಕೆಯನ್ನು ಅದು ಕೊಟ್ಟ ಭರವಸೆಯಿಂದ ಅಳೆಯಬಾರದು. ಆ ಪುಟಗಳೊಳಗೆ ಯಾರು ಏನನ್ನು ತೀರ್ಮಾನಿಸಿದರು, ಯಾರು ಏನನ್ನು ಕಳೆದುಕೊಂಡರು ಎಂಬುದರಿಂದ ಅಳೆಯಬೇಕು.

ಇದನ್ನು ಶಿವಮೊಗ್ಗದಲ್ಲಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಹೊಸ ಕಾಮಿಕ್ಸ್ ಬರುವ ವಾಡಿಕೆಯ ದಿನ ಬುಧವಾರ. ಅಲ್ಲಿನ ಓದುಗ ವಾರವಾರವೂ ಅಂಗಡಿಗೆ ಹೋಗಿ, ದುಡ್ಡಿದ್ದರೆ, ಕ್ರಾಸ್‌ಓವರ್‌ನ ಅಷ್ಟೂ ಸಂಚಿಕೆಗಳನ್ನು ಸಾಲಾಗಿ ಕೊಳ್ಳಬಹುದು. ನಮ್ಮಲ್ಲಿ ಬಹಳ ಜನರ ಓದು ಶುರುವಾದದ್ದೇ ಬಿಡಿ ಸಂಚಿಕೆಗಳಿಂದ. ಬೆಂಗಳೂರಿನಿಂದ ಯಾರೋ ತಂದುಕೊಟ್ಟದ್ದು, ಹಳೆ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿದ್ದು, ಚಿಕ್ಕಮ್ಮನ ಮಗ ಓದಿ ಬಿಟ್ಟುಹೋದದ್ದು. ಇಲ್ಲಿ ಕೂತಿರುವ ಹಿರಿಯರಲ್ಲಿ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿದ್ದೀರಿ. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತ ಆ ಮಾಲೆ ಕನ್ನಡದಲ್ಲೂ ಬರುತ್ತಿತ್ತು. ಫ್ಯಾಂಟಮ್‌ನ ಯಾವುದೋ ಒಂದು ಸಂಚಿಕೆ ಸಿಕ್ಕರೆ ಹಿಂದಿನದು ಮುಂದಿನದು ಕೇಳದೆ ಓದುತ್ತಿದ್ದೆವು, ಓದಿದ್ದು ಮನಸ್ಸಿನಲ್ಲಿ ನಿಲ್ಲುತ್ತಿತ್ತು. ಬಿಡಿ ಸಂಚಿಕೆಯ ಓದುಗನನ್ನು ಪ್ರಕಾಶಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೀಠಿಕೆಯ ಸಂಚಿಕೆಯನ್ನು ಒರೆಗೆ ಹಚ್ಚಲು ಅವನಿಗಿಂತ ಒಳ್ಳೆಯ ಓದುಗ ಇಲ್ಲ ಅಂತ ನನ್ನ ನಂಬಿಕೆ. ಮುಂದಿನದು ಸಿಗುತ್ತದೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಆದ್ದರಿಂದ ಕೈಯಲ್ಲಿರುವುದರಿಂದಲೇ ಅವನ ಹೊಟ್ಟೆ ತುಂಬಬೇಕು.

ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ತಾಳಮದ್ದಲೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೃಷ್ಣಸಂಧಾನ ಅಂತ ಒಂದು ಪ್ರಸಂಗ. ಲೆಕ್ಕಕ್ಕೆ ನೋಡಿದರೆ ಅದು ಕುರುಕ್ಷೇತ್ರಕ್ಕೆ ಪೀಠಿಕೆ. ಸಂಧಾನ ಮುರಿಯುತ್ತದೆ, ಮುಂದೆ ಹದಿನೆಂಟು ದಿನದ ಕಾಳಗ ಇದೆ ಎಂಬುದು ಸಭೆಯಲ್ಲಿ ಕೂತ ಮಗುವಿಗೂ ಗೊತ್ತು. ಆದರೂ ಆ ರಾತ್ರಿ ಕೌರವನ ಅರ್ಥ ಹೇಳುವವರು ಐದು ಊರನ್ನೂ ಕೊಡುವುದಿಲ್ಲ ಎಂದು ಹಟ ಹಿಡಿದಾಗ, ಯುದ್ಧ ಯಾವಾಗ ತೋರಿಸುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಅದರ ಮುಂದಿನ ಕರ್ಣಭೇದನವೂ ಹಾಗೆಯೇ. ಹುಟ್ಟಿನ ಗುಟ್ಟು ತಿಳಿದ ಮೇಲೂ ಕರ್ಣ ಕೌರವನ ಪಕ್ಷ ಬಿಡುವುದಿಲ್ಲ. ಒಂದು ಬಾಣವೂ ಹಾರದೆ ಅವನ ಕಥೆ ಅಲ್ಲಿಗೇ ತೀರ್ಮಾನವಾಗುತ್ತದೆ, ರಣರಂಗದಲ್ಲಿ ಆಗುವುದು ಅದರ ಫಲ ಮಾತ್ರ. ಕ್ರಾಸ್‌ಓವರ್‌ಗೆ ಪೀಠಿಕೆ ಹಾಕುವ ಕಾಮಿಕ್ಸ್‌ನಿಂದ ನಾನು ಕೇಳುವುದು ಇದನ್ನೇ.

ಒಂದು ಪುಸ್ತಕವನ್ನು ತೆಗೆದುಕೊಂಡು ಸ್ವಲ್ಪ ನಿಧಾನವಾಗಿ ನೋಡೋಣ. 2005ರಲ್ಲಿ ಡಿಸಿ ಕಾಮಿಕ್ಸ್ ‘ಕೌಂಟ್‌ಡೌನ್ ಟು ಇನ್‌ಫಿನಿಟ್ ಕ್ರೈಸಿಸ್’ ಎಂಬ ಒಂಟಿ ಸಂಚಿಕೆಯನ್ನು ತಂದಿತು. ಎಂಬತ್ತು ಪುಟ, ಬೆಲೆ ಒಂದೇ ಡಾಲರ್. ಬೆಲೆ ನೋಡಿದರೇ ಉದ್ದೇಶ ತಿಳಿಯುತ್ತದೆ: ಓದುಗನನ್ನು ಒಳಗೆ ಕರೆಯುವುದು. ಇದರಿಂದ ಆರಾರು ಸಂಚಿಕೆಗಳ ನಾಲ್ಕು ಕಿರುಸರಣಿಗಳು ಹೊರಡಬೇಕಿತ್ತು, ಅವೆಲ್ಲ ಸೇರಿ ‘ಇನ್‌ಫಿನಿಟ್ ಕ್ರೈಸಿಸ್’ ಎಂಬ ಏಳು ಸಂಚಿಕೆಗಳ ಮಹಾಸರಣಿಗೆ ಬಂದು ಮುಟ್ಟಬೇಕಿತ್ತು. ಬರೆದವರು ಜೆಫ್ ಜಾನ್ಸ್, ಗ್ರೆಗ್ ರಕಾ, ಜಡ್ ವಿನಿಕ್ ಎಂಬ ಮೂವರು. ಚಿತ್ರ ಬರೆದವರು ಅಧ್ಯಾಯಕ್ಕೊಬ್ಬರಂತೆ ಹಲವರು. ಇಷ್ಟು ಕೇಳಿದರೆ ಸಾಕು, ಇದು ಕಲಸುಮೇಲೋಗರವಾಗಿರಬೇಕು ಅನಿಸುತ್ತದೆ.

ಆದರೆ ಅವರು ನಡುವೆ ನಿಲ್ಲಿಸಿದ್ದು ಟೆಡ್ ಕಾರ್ಡ್‌ನನ್ನು. ಅವನು ಬ್ಲೂ ಬೀಟಲ್. ಯಾವ ದೈವಶಕ್ತಿಯೂ ಇಲ್ಲದವನು, ಬುದ್ಧಿವಂತ, ತಮಾಷೆಯ ಮನುಷ್ಯ, ಎರಡನೆಯ ಸಾಲಿನ ನಾಯಕ. ತನ್ನ ಕಂಪನಿಯ ಹಣ ಯಾರೋ ಸೋರಿಸುತ್ತಿದ್ದಾರೆ ಎಂಬುದು ಅವನ ಗಮನಕ್ಕೆ ಬರುತ್ತದೆ. ಹಿಂದೆ ಏನೋ ದೊಡ್ಡದಿದೆ ಎಂಬ ಅನುಮಾನ ಹುಟ್ಟಿ, ಬ್ಯಾಟ್‌ಮನ್‌ನಿಂದ ಹಿಡಿದು ದೊಡ್ಡ ದೊಡ್ಡ ನಾಯಕರ ಬಳಿಗೆಲ್ಲ ಹೋಗುತ್ತಾನೆ. ಕೆಲವರು ಮರ್ಯಾದೆಯಿಂದಲೇ ಮಾತಾಡಿಸುತ್ತಾರೆ, ಆದರೆ ಯಾರಿಗೂ ಪುರುಸೊತ್ತಿಲ್ಲ. ಜೊತೆಗೆ ನಿಂತವನು ಹಳೆಯ ಗೆಳೆಯ ಬೂಸ್ಟರ್ ಗೋಲ್ಡ್ ಒಬ್ಬನೇ, ಅವನೂ ಸ್ಫೋಟದಲ್ಲಿ ಗಾಯಗೊಂಡು ಹಾಸಿಗೆ ಹಿಡಿಯುತ್ತಾನೆ. ಕೊನೆಗೆ ಟೆಡ್ ಒಬ್ಬನೇ ಶತ್ರುವಿನ ಕೋಟೆಯೊಳಗೆ ನುಗ್ಗುತ್ತಾನೆ. ಅತಿಮಾನುಷ ಶಕ್ತಿಯವರ ಗುಟ್ಟುಗಳ ಕಡತಗಳೆಲ್ಲ ಅಲ್ಲಿವೆ. ಅದನ್ನು ನಡೆಸುತ್ತಿರುವವನು ಮ್ಯಾಕ್ಸ್‌ವೆಲ್ ಲಾರ್ಡ್, ಒಂದು ಕಾಲದಲ್ಲಿ ಇವರ ತಂಡವನ್ನೇ ಕಟ್ಟಿ ನಿಲ್ಲಿಸಿದವನು. ನನ್ನ ಜೊತೆ ಸೇರು ಎನ್ನುತ್ತಾನೆ. ಟೆಡ್ ಒಪ್ಪುವುದಿಲ್ಲ. ಮ್ಯಾಕ್ಸ್ ಅವನ ತಲೆಗೆ ಗುಂಡಿಟ್ಟು ಕೊಲ್ಲುತ್ತಾನೆ.

ಇಲ್ಲಿ ಪೀಠಿಕೆಯ ಕೆಲಸ ಹೇಗೆ ನಡೆದಿದೆ ನೋಡಿ. ಮುಂದಿನ ನಾಲ್ಕು ಕಿರುಸರಣಿಗಳ ಬೀಜ ಬಿತ್ತಲೇಬೇಕು: ಬಾಹ್ಯಾಕಾಶದ ಒಂದು ಯುದ್ಧ, ಮಂತ್ರಶಕ್ತಿಯವರ ಒಂದು ಸಂಕಟ, ಖಳರ ಒಂದು ಕೂಟ, ಈ ಗೂಢಚಾರರ ಜಾಲ. ಸಾಮಾನ್ಯ ಬರಹಗಾರನಾದರೆ ಕಥೆ ನಿಲ್ಲಿಸಿ ಒಂದೊಂದಕ್ಕೂ ಎರಡೆರಡು ಪುಟ ಕೊಡುತ್ತಿದ್ದ. ಈ ಮೂವರು ಹಾಗೆ ಮಾಡಲಿಲ್ಲ. ಟೆಡ್‌ನ ಮಾತು ಕೇಳಲು ಯಾರಿಗೂ ಯಾಕೆ ಪುರುಸೊತ್ತಿಲ್ಲ? ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಆಪತ್ತು ಕೂತಿದೆ, ಅದಕ್ಕೆ. ಮುಂದಿನ ಸರಣಿಗಳ ಬೀಜವೇ ಟೆಡ್‌ನ ಒಂಟಿತನಕ್ಕೆ ಕಾರಣ. ಓದುಗನಾಗಿ ನನಗೆ ಆ ಬಾಹ್ಯಾಕಾಶದ ಯುದ್ಧದ ಮೇಲೆ ಆಸಕ್ತಿ ಹುಟ್ಟದಿದ್ದರೂ ನಷ್ಟವಿಲ್ಲ, ಅದು ಈ ಮನುಷ್ಯನಿಗೆ ಮುಚ್ಚಿದ ಒಂದು ಬಾಗಿಲಾಗಿ ಕೆಲಸ ಮಾಡಿಬಿಟ್ಟಿದೆ. ಮುಂದಿನ ಒಂದು ಸಂಚಿಕೆಯೂ ಸಿಗದ ಓದುಗನಿಗೂ ಇಲ್ಲಿ ಪೂರ್ತಿ ಕಥೆ ಇದೆ. ಎಲ್ಲರೂ ಹಗುರವಾಗಿ ಕಂಡ ಒಬ್ಬ ಮನುಷ್ಯ ಸತ್ಯವನ್ನು ಕಂಡುಹಿಡಿದ, ಅದನ್ನು ಮಾರಿಕೊಳ್ಳಲು ಒಪ್ಪದೆ ಸತ್ತ.

ಈ ಪುಸ್ತಕದ ಮೇಲೆ ನನಗೆ ದೂರೂ ಇದೆ, ಅದನ್ನು ಮುಚ್ಚಿಡುವುದಿಲ್ಲ. 1987ರಲ್ಲಿ ಶುರುವಾದ ಜಸ್ಟಿಸ್ ಲೀಗ್ ಸರಣಿಯಲ್ಲಿ, ಅಂದರೆ ಕೀತ್ ಗಿಫೆನ್, ಜೆ. ಎಂ. ಡಿಮ್ಯಾಟಿಸ್, ಕೆವಿನ್ ಮಗ್ವಾಯರ್ ಅವರ ಆ ನಗೆಯ ಕಾಲದಲ್ಲಿ, ಮ್ಯಾಕ್ಸ್‌ವೆಲ್ ಲಾರ್ಡ್ ಚಾಲಾಕಿ, ಸಮಯಸಾಧಕ, ಆದರೆ ಆ ತಂಡದವನೇ ಆದ ಮನುಷ್ಯ. ಅವನನ್ನು ಬಲ್ಲ ಓದುಗರಿಗೆ ಈ ಗುಂಡಿನ ಸದ್ದು ನಂಬಿಕೆಗೆ ಬರುವುದಿಲ್ಲ. ಮಹಾಸರಣಿಗೆ ಒಬ್ಬ ಖಳ ಬೇಕಿತ್ತು, ಇವನನ್ನು ಎಳೆದು ತಂದರು ಅನಿಸುತ್ತದೆ. ಪೀಠಿಕೆಯ ಸಂಚಿಕೆಗಳಲ್ಲಿ ಪದೇ ಪದೇ ಕಾಣುವ ಕೆಡುಕು ಇದು. ಮುಂದಿನ ಕಥೆಗೆ ಒಬ್ಬ ದ್ರೋಹಿ ಬೇಕು ಅಂತಾದಾಗ ಹಿಂದಿನ ಬರಹಗಾರರು ವರ್ಷಗಟ್ಟಲೆ ಕೂಡಿಸಿದ ಗುಣವನ್ನು ಒಂದೇ ಪುಟದಲ್ಲಿ ಖರ್ಚು ಮಾಡಿಬಿಡುವುದು. ಆದ್ದರಿಂದ ಈ ಸಂಚಿಕೆಗೆ ನನ್ನ ತೀರ್ಪು ಹೀಗೆ: ಟೆಡ್‌ನ ಸಾವು ಅವನ ಸ್ವಭಾವದಿಂದಲೇ ಬಂದದ್ದು, ಅದು ಗಟ್ಟಿ. ಮ್ಯಾಕ್ಸ್ ಮಾಡಿದ ಕೊಲೆ ಸಂಪಾದಕರ ಮೇಜಿನಿಂದ ಬಂದದ್ದು, ಅದು ಸಡಿಲ.

ಪೀಠಿಕೆಗೆ ಇಷ್ಟು ಪುಟಗಳೇ ಬೇಕೆಂದೇನಿಲ್ಲ. ಡಿಸಿಯ ಮೊದಲ ಮಹಾಸರಣಿ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್’ 1985–86ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಬಂತು. ಬರವಣಿಗೆ ಮಾರ್ವ್ ವುಲ್ಫ್‌ಮನ್, ಚಿತ್ರ ಜಾರ್ಜ್ ಪೆರೆಜ್. ಅದರಲ್ಲಿ ಮುಖ್ಯನಾಗುವ ಮಾನಿಟರ್ ಎಂಬಾತ 1982ರಿಂದಲೇ ಬೇರೆ ಬೇರೆ ಸರಣಿಗಳಲ್ಲಿ ನೆರಳಾಗಿ ಸುಳಿಯುತ್ತಿದ್ದ. ಖಳರಿಗೆ ಆಯುಧ ಒದಗಿಸುವ ಯಾರೋ ಒಬ್ಬ, ಅಷ್ಟೇ. ಸಂಚಿಕೆಯಲ್ಲಿ ಕೆಲವೇ ಪ್ಯಾನೆಲ್‌ಗಳ ಹಾಜರಿ, ಆತಿಥೇಯ ಕಥೆಗೆ ಯಾವ ತೊಂದರೆಯೂ ಇಲ್ಲ. ಆದರೆ ಅದೇ ಮಹಾಸರಣಿ ಬಂದಾಗ ಇನ್ನೊಂದು ಕೆಟ್ಟ ವಾಡಿಕೆಯೂ ಬೆಳೆಯಿತು. ಮುಖಪುಟದ ಮೇಲೆ ಕ್ರೈಸಿಸ್ ಎಂಬ ಪಟ್ಟಿ, ಒಳಗೆ ತೆರೆದರೆ ಪಾತ್ರಗಳು ಒಮ್ಮೆ ತಲೆಯೆತ್ತಿ ‘ಆಕಾಶ ಯಾಕೋ ಕೆಂಪಾಗಿದೆ’ ಎನ್ನುವಷ್ಟೇ ಸಂಬಂಧ. ಅಮೆರಿಕದ ಓದುಗರು ಇಂಥವಕ್ಕೆ ಇವತ್ತಿಗೂ ರೆಡ್ ಸ್ಕೈಸ್ ಸಂಚಿಕೆ ಎನ್ನುತ್ತಾರೆ. ಅಂಥದ್ದು ಕೈಗೆ ಬಂದರೆ ಮುಖಪುಟದ ಪಟ್ಟಿ ಮರೆತು, ಆ ನಾಯಕನ ಮಾಮೂಲಿ ಸಂಚಿಕೆಯಾಗಿಯೇ ಓದಿ ಅಳೆಯಿರಿ. ಪಟ್ಟಿ ಹಾಕಿದ್ದು ಬರಹಗಾರನಲ್ಲ.

ಡಿಸಿಯಂತೆಯೇ ಇನ್ನೊಂದು ದೊಡ್ಡ ಪ್ರಕಾಶನವಾದ ಮಾರ್ವೆಲ್‌ನವರು ಒಂದು ಸಲ ಕ್ರಮವನ್ನೇ ತಿರುಗಿಸಿದರು, ಅದು ನನಗೆ ಬಹಳ ಇಷ್ಟ. 1984ರ ‘ಸೀಕ್ರೆಟ್ ವಾರ್ಸ್’ ಹುಟ್ಟಿದ್ದೇ ಮ್ಯಾಟೆಲ್ ಕಂಪನಿಯ ಆಟಿಕೆಗಳ ಜೊತೆಗೆ. ಅದರ ಮೊದಲ ಸಂಚಿಕೆಯೂ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ 252ನೆಯ ಸಂಚಿಕೆಯೂ ಅದೇ ಮೇ ತಿಂಗಳ ತಾರೀಕು ಹೊತ್ತು ಬಂದವು. ಆ ಸ್ಪೈಡರ್‌ಮ್ಯಾನ್ ಸಂಚಿಕೆಯಲ್ಲಿ ಅವನು ಆಗಲೇ ಯುದ್ಧ ಮುಗಿಸಿ ಮನೆಗೆ ಬಂದಾಗಿದೆ, ಮೈಮೇಲೆ ಹೊಸ ಕಪ್ಪು ಉಡುಪು. ಆ ಉಡುಪು ಎಲ್ಲಿ ಹೇಗೆ ಸಿಕ್ಕಿತು ಎಂಬುದು ಮಹಾಸರಣಿಯ ಎಂಟನೆಯ ಸಂಚಿಕೆಯಲ್ಲಿ, ಡಿಸೆಂಬರ್‌ನಲ್ಲಿ ಬಂತು. ಅಂದರೆ ಪರಿಣಾಮ ಮೊದಲು, ಕಾರಣ ಆಮೇಲೆ. ಮುಂದೇನಾಗುತ್ತದೆ ಅಂತ ಬಾಯಿಬಿಟ್ಟು ಕೂರಿಸುವ ಬದಲು, ಬದಲಾದ ಮನುಷ್ಯನನ್ನು ಎದುರಿಗೆ ನಿಲ್ಲಿಸಿದರು. ಆಟಿಕೆ ಮಾರಲು ಹುಟ್ಟಿದ ಸರಣಿ ಎಂಬ ಒಂದೇ ಕಾರಣಕ್ಕೆ ಅದನ್ನು ಪಕ್ಕಕ್ಕಿಡುವವರು ಆ ಉಡುಪಿನಿಂದ ಮುಂದೆ ವೆನಮ್ ಎಂಬ ಖಳ ಹುಟ್ಟಿ ಬಂದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ವ್ಯಾಪಾರದ ಉದ್ದೇಶ ಎಲ್ಲ ಕ್ರಾಸ್‌ಓವರ್‌ಗಳಿಗೂ ಇರುತ್ತದೆ. ಅದನ್ನು ಕಂಡುಹಿಡಿದ ಮಾತ್ರಕ್ಕೆ ವಿಮರ್ಶೆ ಮುಗಿಯುವುದಿಲ್ಲ.

ಈಚಿನವುಗಳಲ್ಲಿ ನನಗೆ ಅತ್ಯುತ್ತಮ ಅನಿಸಿದ ಪೀಠಿಕೆ ಜೊನಾಥನ್ ಹಿಕ್‌ಮನ್ ಬರೆದು ಸ್ಟೀವ್ ಎಪ್ಟಿಂಗ್ ಚಿತ್ರಿಸಿದ, 2013ರ ‘ನ್ಯೂ ಅವೆಂಜರ್ಸ್’ನ ಮೊದಲ ಮೂರು ಸಂಚಿಕೆಗಳು. ಅವು ನೆಲ ಹದ ಮಾಡುತ್ತಿದ್ದ ‘ಸೀಕ್ರೆಟ್ ವಾರ್ಸ್’ ಎಂಬ ಅದೇ ಹೆಸರಿನ ಹೊಸ ಮಹಾಸರಣಿ ಬಂದದ್ದು 2015ರಲ್ಲಿ. ಎರಡು ವರ್ಷಕ್ಕೂ ಮಿಕ್ಕಿದ ಪೀಠಿಕೆ! ಇಷ್ಟು ಹೊತ್ತು ಓದುಗನನ್ನು ಹಿಡಿದಿಟ್ಟದ್ದು ಕೌತುಕದಿಂದಲ್ಲ, ಒಂದು ಪ್ರಶ್ನೆಯಿಂದ. ಬೇರೆ ವಿಶ್ವದ ಭೂಮಿಯೊಂದು ನಮ್ಮ ಆಕಾಶದಲ್ಲಿ ಕಾಣಿಸಿಕೊಳ್ಳುತ್ತದೆ. ಎಂಟು ಗಂಟೆಯೊಳಗೆ ಎರಡರಲ್ಲಿ ಒಂದು ಭೂಮಿ ನಾಶವಾಗದಿದ್ದರೆ ಎರಡೂ ವಿಶ್ವಗಳು ನಾಶ. ಹಾಗಾದರೆ ಆ ಇನ್ನೊಂದು ಭೂಮಿಯನ್ನು, ಅದರ ಮೇಲಿನ ಕೋಟಿ ಕೋಟಿ ಜನರ ಸಮೇತ, ನೀವು ಕೊಲ್ಲುತ್ತೀರಾ?

ಮೊದಲ ಸಂಚಿಕೆಯಲ್ಲಿ ವಕಾಂಡದ ಅರಸ ಟಿ’ಚಾಲ, ಅಂದರೆ ಬ್ಲ್ಯಾಕ್ ಪ್ಯಾಂಥರ್, ಇದನ್ನು ಕಣ್ಣಾರೆ ಕಾಣುತ್ತಾನೆ. ಹಿಂದೆ ಇದೇ ಟಿ’ಚಾಲ, ಗುಟ್ಟಾಗಿ ಕೂತು ಲೋಕದ ಹಣೆಬರಹ ತೀರ್ಮಾನಿಸುವ ಇಲ್ಯುಮಿನಾಟಿ ಎಂಬ ಕೂಟಕ್ಕೆ ಸೇರಲು ಒಪ್ಪದೆ, ಅದು ತಪ್ಪು ಎಂದು ಹೇಳಿ ಎದ್ದು ಹೋದವನು. ಈಗ ಅದೇ ಕೂಟವನ್ನು ತಾನೇ ತನ್ನ ನೆಲಕ್ಕೆ ಕರೆಸುತ್ತಾನೆ. ಅದರಲ್ಲಿ ನೇಮರ್ ಇದ್ದಾನೆ, ವಕಾಂಡವನ್ನು ನೀರಿನಲ್ಲಿ ಮುಳುಗಿಸಿದವನು. ಅಂಥವನ ಜೊತೆ ಟಿ’ಚಾಲ ಕೂತು ಮಾತಾಡಬೇಕು. ಮೂರನೆಯ ಸಂಚಿಕೆಯಲ್ಲಿ ಕ್ಯಾಪ್ಟನ್ ಅಮೆರಿಕ ಇನ್‌ಫಿನಿಟಿ ರತ್ನಗಳ ಬಲದಿಂದ ಎದುರಿನ ಭೂಮಿಯನ್ನು ಹಿಂದಕ್ಕೆ ತಳ್ಳುತ್ತಾನೆ. ರತ್ನಗಳು ಒಡೆದುಹೋಗುತ್ತವೆ. ಇನ್ನೊಮ್ಮೆ ಹೀಗಾದರೆ ಬೇರೆ ದಾರಿಯಿಲ್ಲ. ಭೂಮಿಯನ್ನು ಕೊಲ್ಲುವ ಆಯುಧ ಕಟ್ಟೋಣ ಎಂಬ ಮಾತಿಗೆ ಅವನು ಎದುರು ನಿಲ್ಲುತ್ತಾನೆ. ಗೆಳೆಯರೇ ಸೇರಿ ಅವನ ನೆನಪನ್ನು ಅಳಿಸಿ ಕಳಿಸುತ್ತಾರೆ.

ಇದರ ಆಚೆಗಿನ ಒಂದು ಪುಟವೂ ನಿಮಗೆ ಸಿಗದಿರಲಿ. ಅಷ್ಟರಲ್ಲೇ ಈ ಮನುಷ್ಯರು ಯಾರಾಗಿಬಿಟ್ಟರು ಎಂಬುದು ತೀರ್ಮಾನವಾಗಿದೆ. ಆಯುಧ ಬಳಸುತ್ತಾರೋ ಇಲ್ಲವೋ ಎಂಬುದು ಮುಂದಿನ ಮಾತು. ಬೇಡ ಎಂದ ಒಬ್ಬನನ್ನು ಕೋಣೆಯಿಂದ ಹೊರಗೆ ಹಾಕಿದಾಗಲೇ ಆ ಕೂಟ ತನ್ನ ದಾರಿ ಆರಿಸಿಕೊಂಡಿತು. ಟೆಡ್ ಕಾರ್ಡ್‌ನ ಪುಸ್ತಕಕ್ಕಿಂತ ಇದನ್ನು ಒಂದು ಮೆಟ್ಟಿಲು ಮೇಲೆ ಇಡುವುದಕ್ಕೆ ಕಾರಣವೂ ಇದೇ. ಇಲ್ಲಿ ಯಾರ ಗುಣವನ್ನೂ ಕಥೆಯ ಅನುಕೂಲಕ್ಕೆ ಬಗ್ಗಿಸಿಲ್ಲ. ಅವರವರ ಗುಣವೇ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದೆ.

ಸೋತ ಪೀಠಿಕೆಗೆ ಒಂದೇ ಉದಾಹರಣೆ ಸಾಕು. 2007–08ರಲ್ಲಿ ಡಿಸಿ ‘ಕೌಂಟ್‌ಡೌನ್’ ಎಂಬ ವಾರದ ಸರಣಿಯನ್ನು 51ರಿಂದ 1ರವರೆಗೆ ಹಿಮ್ಮುಖ ಎಣಿಕೆಯಲ್ಲಿ ತಂದಿತು. ನಡುವೆ ಅದರ ಹೆಸರಿಗೆ ‘ಫೈನಲ್ ಕ್ರೈಸಿಸ್’ ಅಂತಲೂ ಸೇರಿತು. 2008ರಲ್ಲಿ ಗ್ರ್ಯಾಂಟ್ ಮಾರಿಸನ್ ಬರೆದ ‘ಫೈನಲ್ ಕ್ರೈಸಿಸ್’ ಬಂದಾಗ ಇದರಲ್ಲಿ ನಡೆದದ್ದಕ್ಕೂ ಅದರಲ್ಲಿ ನಡೆಯುವುದಕ್ಕೂ ತಾಳೆಯೇ ಇರಲಿಲ್ಲ. ವರ್ಷವಿಡೀ ಓದುಗರನ್ನು ಕಾಯಿಸಿ, ಕೊನೆಗೆ ಆ ಪುಟಗಳಿಗೆ ಜಾಗವಿಲ್ಲ ಎಂದ ಹಾಗಾಯಿತು. ನನ್ನ ಆಕ್ಷೇಪ ತಾಳೆ ತಪ್ಪಿದ್ದಕ್ಕಿಂತ ಬೇರೆಯದು. ತಾಳೆಯಾಗಿದ್ದರೂ ಆ ಸರಣಿ ಉಳಿಯುತ್ತಿರಲಿಲ್ಲ. ಪಾತ್ರಗಳು ಒಂದು ವಿಶ್ವದಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇರುತ್ತವೆ, ಯಾರನ್ನೋ ಹುಡುಕುತ್ತಲೇ ಇರುತ್ತವೆ, ಹುಡುಕುವವರು ಅದರಿಂದ ಬದಲಾಗುವುದಿಲ್ಲ. ಒಂದು ಸಂಚಿಕೆ ತಪ್ಪಿಹೋದರೂ ಓದುಗನಿಗೆ ಏನೂ ತಪ್ಪಿದ ಹಾಗೆ ಅನಿಸುವುದಿಲ್ಲ.

ಹಾಗಾದರೆ ನೀವು ಇಂಥದ್ದರ ಬಗ್ಗೆ ಬರೆಯಲು ಕೂತಾಗ ಎಲ್ಲಿಂದ ಶುರುಮಾಡಬೇಕು? ನಾನು ಮೊದಲು ನೋಡುವುದು ಅತಿಥಿಗಳನ್ನು. ಬೇರೆ ಸರಣಿಯ ನಾಯಕ ಬಂದು ಹೋದದ್ದರಿಂದ ಈ ಸರಣಿಯ ನಾಯಕ ಏನಾದರೂ ಮಾಡುವಂತಾಯಿತೇ, ಇಲ್ಲಾ ಅವನ ಮನೆಯಲ್ಲೇ ಅವನು ಸುದ್ದಿ ಕೇಳುವವನಾಗಿ ನಿಂತನೇ? ಸುದ್ದಿ ಕೇಳುವವನಾಗಿ ನಿಂತರೆ ಆ ಸಂಚಿಕೆ ಅರ್ಧ ಸೋತಂತೆ. ಆಮೇಲೆ ಮಾತಿನ ಗುಳ್ಳೆಗಳನ್ನು ನೋಡುತ್ತೇನೆ. ಪಾತ್ರಗಳು ಒಬ್ಬರಿಗೊಬ್ಬರು ಗೊತ್ತಿರುವ ಸಂಗತಿಯನ್ನೇ ಓದುಗನಿಗಾಗಿ ಹೇಳಿಕೊಳ್ಳುತ್ತಿದ್ದರೆ, ಬರಹಗಾರ ಸಂಪಾದಕರ ಪಟ್ಟಿಗೆ ಟಿಕ್ ಹಾಕುತ್ತಿದ್ದಾನೆ ಅಂತ ತಿಳಿಯಿರಿ. ಕೊನೆಯ ಪುಟವನ್ನಂತೂ ಎರಡು ಸಲ ಓದುತ್ತೇನೆ. ಒಂದು ತೀರ್ಮಾನವಾದ ಕ್ಷಣದಲ್ಲಿ ನಿಲ್ಲುವ ಕೊನೆ ಬೇರೆ, ತೀರ್ಮಾನಕ್ಕೆ ಒಂದು ಹೆಜ್ಜೆ ಮುಂಚೆ ಕತ್ತರಿಸಿದ ಕೊನೆ ಬೇರೆ. ಎರಡನೆಯದನ್ನು ಕೌತುಕ ಅಂತ ಹೊಗಳುವ ಅಭ್ಯಾಸ ನಮ್ಮಲ್ಲಿದೆ, ಅದು ಹೋಗಬೇಕು.

ಮಾತು ಮುಗಿದ ಮೇಲೆ ಸಹ್ಯಾದ್ರಿ ಕಾಲೇಜಿನಲ್ಲಿ ಓದುವ ಒಬ್ಬ ಹುಡುಗ ಕೇಳಿದ: ‘ಸರ್, ಮಹಾಸರಣಿ ಚೆನ್ನಾಗಿ ಬಂದರೆ ಪೀಠಿಕೆಯ ಬೆಲೆಯೂ ಹೆಚ್ಚುವುದಿಲ್ಲವೇ?’ ಹೆಚ್ಚುತ್ತದೆ. ಮರು ಓದಿನಲ್ಲಿ ಸಣ್ಣ ಸಣ್ಣ ಗುರುತುಗಳು ಹೊಳೆಯುತ್ತವೆ, ಆ ಸುಖ ಸುಳ್ಳಲ್ಲ. ಹಿಕ್‌ಮನ್‌ನ ಮೊದಲ ಸಂಚಿಕೆಗಳು ಇವತ್ತು ಇನ್ನೂ ಚೆನ್ನಾಗಿ ಕಾಣುತ್ತವೆ. ಆದರೆ ಮುಂದಿನದು ಏರಿಸುವುದು ಮೊದಲೇ ನಿಂತಿರುವುದನ್ನು ಮಾತ್ರ. ನಿಲ್ಲಲಾರದ ಸಂಚಿಕೆ ಮಹಾಸರಣಿ ಎಷ್ಟೇ ಚೆನ್ನಾಗಿ ಬಂದರೂ ಮತ್ತೆ ಯಾರ ಕೈಗೂ ಹೋಗುವುದಿಲ್ಲ. ಅದರ ಮೂರು ಸಾಲಿನ ಸಾರಾಂಶ ಸಾಕಾಗಿಬಿಡುತ್ತದೆ.

ಹಿಂದಿನ ಸಾಲಿನಲ್ಲಿದ್ದ ಮೇಡಂ ಒಬ್ಬರದು ಇನ್ನೂ ಕಷ್ಟದ ಪ್ರಶ್ನೆ. ‘ನೀವು ಹೇಳಿದ್ದೆಲ್ಲ ಮೊದಲ ಸಂಚಿಕೆಗಳ ಮಾತಾಯ್ತು. ನಾಲ್ಕು ಭಾಗದ ಕಥೆಯಲ್ಲಿ ನಾಲ್ಕನೆಯದು ಮಾತ್ರ ಸಿಕ್ಕಿದರೆ? ಅದಕ್ಕೂ ಇದೇ ಅಳತೆಯೇ?’

ಅದಕ್ಕೂ ಇದೇ ಅಳತೆ, ಅಂಥ ಒಂದು ಸಂಚಿಕೆಯೂ ಇದೆ. ಗ್ರೆಗ್ ರಕಾ ಬರೆದ ‘ವಂಡರ್ ವುಮನ್’ 219, 2005ರದು. ಅದೇ ಇನ್‌ಫಿನಿಟ್ ಕ್ರೈಸಿಸ್‌ನತ್ತ ಸಾಗುವ ಕಥೆಯ ನಾಲ್ಕನೆಯ ಭಾಗ. ಹಿಂದಿನ ಮೂರೂ ಸೂಪರ್‌ಮ್ಯಾನ್‌ನ ಸರಣಿಗಳಲ್ಲಿ ಬಂದವು. ಅವನ್ನು ಓದದವರಿಗೂ ಇಷ್ಟು ತಿಳಿಯುತ್ತದೆ: ಮ್ಯಾಕ್ಸ್‌ವೆಲ್ ಲಾರ್ಡ್ ಸೂಪರ್‌ಮ್ಯಾನ್‌ನ ಮನಸ್ಸನ್ನು ಹಿಡಿತಕ್ಕೆ ತೆಗೆದುಕೊಂಡಿದ್ದಾನೆ, ಲೋಕದಲ್ಲಿ ಎಲ್ಲರಿಗಿಂತ ಬಲಶಾಲಿಯಾದ ಆ ಗೆಳೆಯನ ಜೊತೆ ಅವಳು ಜೀವ ಪಣಕ್ಕಿಟ್ಟು ಕಾದಾಡಬೇಕಾಗಿದೆ. ಕೊನೆಗೆ ಮ್ಯಾಕ್ಸ್ ಅವಳ ಹಗ್ಗಕ್ಕೆ ಸಿಕ್ಕಿಬೀಳುತ್ತಾನೆ. ಆ ಹಗ್ಗದೊಳಗೆ ಯಾರೂ ಸುಳ್ಳು ಹೇಳುವಂತಿಲ್ಲ. ಇವನನ್ನು ನಿನ್ನ ಹಿಡಿತದಿಂದ ಬಿಡಿಸುವುದು ಹೇಗೆ ಎಂದು ಕೇಳುತ್ತಾಳೆ. ನನ್ನನ್ನು ಕೊಲ್ಲು ಎನ್ನುತ್ತಾನೆ. ಅದು ನಿಜವೆಂದು ಅವಳಿಗೆ ಗೊತ್ತು, ನಮಗೂ ಗೊತ್ತು. ಅವಳು ಅವನ ಕುತ್ತಿಗೆ ಮುರಿಯುತ್ತಾಳೆ.

ಸೂಪರ್‌ಮ್ಯಾನ್, ಬ್ಯಾಟ್‌ಮನ್, ವಂಡರ್ ವುಮನ್ ಮೂವರೂ ಒಬ್ಬರಿಗೊಬ್ಬರು ದೂರವಾಗಲು ಮಹಾಸರಣಿಗೆ ಒಂದು ಕಾರಣ ಬೇಕಿತ್ತು, ಈ ಕೊಲೆ ಆ ಕಾರಣ ಒದಗಿಸಿತು. ಪೀಠಿಕೆಯ ಕೆಲಸ ಅಲ್ಲಿಗೆ ಆಯಿತು. ಆದರೆ ಅವಳು ಮಾಡಿದ್ದು ಸರಿಯೇ ಎಂದು ವಾದಿಸಲು ಆ ಮಹಾಸರಣಿಯನ್ನು ಓದಬೇಕಾಗಿಲ್ಲ. ಆ ಮೇಡಂಗೆ ಅದನ್ನೇ ಹೇಳಿದೆ: 219ನ್ನು ಒಂದೇ ಆಗಿ ಓದಿ, ಹಿಂದಿನ ಮೂರು ಭಾಗ ಹುಡುಕುವ ಮೊದಲು ನಿಮ್ಮ ತೀರ್ಪನ್ನು ಬರೆದಿಡಿ, ಮುಂದಿನ ಸಭೆಗೆ ಅದನ್ನು ತನ್ನಿ.